ವಾರ್ಡನ್ ಸರ್ ಹೆಸರಿನ ಮುಂದೆ

ಕಳೆದ ತಿಂಗಳು ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಯೊಂದರಲ್ಲಿ ಚಟ್ನಿಪುಡಿಗಳ ಮುಂದೆ ನಿಂತಿದ್ದೆ. ಯಾರೋ ಕೈತಪ್ಪಿ ಬೀಳಿಸಿದ ಪ್ಯಾಕೆಟ್ಟೊಂದು ಒಡೆದು ನೆಲದ ಮೇಲೆ ಕಪ್ಪು ಪುಡಿ ಚೆಲ್ಲಿತ್ತು. ಹುರಿದ ಹುಚ್ಚೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ. ಅಂಗಡಿಯವರು ಗುಡಿಸಲು ಬಂದರೂ ನಾನು ಜಾಗ ಬಿಡಲಿಲ್ಲ. ಆ ವಾಸನೆಯ ಜೊತೆಗೆ ಒಂದು ಸ್ಟೀಲ್ ಡಬ್ಬಿ ನೆನಪಾಯಿತು, ಡಬ್ಬಿಯ ಜೊತೆಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ ವಾರ್ಡನ್ ಸರ್...

ಆಗ ನಾವು ಡಾಲಸ್ ಕಡೆಯ ಹತ್ತು ಹನ್ನೆರಡು ಜನ ಸೇರಿ ಓದುಗರ ಬಳಗ ಅಂತ ಒಂದು ಮಾಡಿಕೊಂಡಿದ್ದೆವು. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಫಾರ್ಮರ್ಸ್ ಬ್ರಾಂಚ್‌ನ ಕಮ್ಯುನಿಟಿ ಸೆಂಟರ್‌ನಲ್ಲಿ ಒಂದು ರೂಮು ಹಿಡಿದು, ಒಂದು ಕನ್ನಡ ಕಥೆ ಓದಿ, ಚರ್ಚೆ ಮಾಡಿ, ಊಟ ಮಾಡಿ ಏಳುವುದು. ಒಬ್ಬೊಬ್ಬರು ಒಂದೊಂದು ತಿಂಡಿ ತರುವುದು. ಯಾರು ಏನು ತರಬೇಕೆಂಬ ಲಿಸ್ಟ್ ನನ್ನದು. ನನಗೆ ಲಿಸ್ಟ್ ಮಾಡುವ ಹುಚ್ಚು ಚಿಕ್ಕಂದಿನಿಂದ ಇದೆ. ಮೈಸೂರಿನಿಂದ ಹೊರಟ ದಿನ ಸೂಟ್‌ಕೇಸಿನ ಒಳಗೆ ಏನೇನಿದೆ ಎಂಬ ಲಿಸ್ಟನ್ನು ಸೂಟ್‌ಕೇಸಿನ ಒಳಗೇ ಇಟ್ಟು ಬೀಗ ಹಾಕಿದವಳು ಎಂದು ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾರೆ. ಬಳಗಕ್ಕಾಗಿ ಆನ್‌ಲೈನ್‌ನಲ್ಲಿ ಒಂದು ಶೀಟ್ ಮಾಡಿ ಎಲ್ಲರಿಗೂ ಕಳಿಸಿದ್ದೆ. ಎಡಕ್ಕೆ ಹೆಸರು, ಬಲಕ್ಕೆ ತರುವ ಪದಾರ್ಥ. ಅವರವರದನ್ನು ಅವರವರೇ ತುಂಬಬಹುದು, ತಪ್ಪಿದ್ದರೆ ಯಾರು ಬೇಕಾದರೂ ತಿದ್ದಬಹುದು.

ವಾರ್ಡನ್ ಸರ್ ಮೊದಲ ಸಲ ಬಂದದ್ದು ಮಗಳ ಕಾರಿನಲ್ಲಿ. ಅವಳು ಅಲ್ಲೇ ಹತ್ತಿರದ ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಪ್ಪನನ್ನು ಬಾಗಿಲಲ್ಲಿ ಇಳಿಸಿ, ನಾಲ್ಕು ಗಂಟೆಗೆ ಬರ್ತೀನಿ ಎಂದು ಹೋದಳು. ತೆಳ್ಳನೆಯ ಮೈಕಟ್ಟು, ಇಸ್ತ್ರಿ ಮಾಡಿದ ಬಿಳಿ ಷರ್ಟು, ಜೇಬಿನಲ್ಲಿ ಪೆನ್ನು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು ಧಾರವಾಡದ ಡಾಕ್ಟರ್ ಆಂಟಿ. ಹೊಸಬರನ್ನು ವಿಚಾರಿಸಿಕೊಳ್ಳುವ ಕೆಲಸ ಅವರದೇ.

"ಯಾವ ಕಡೆಯವರ್ರಿ ನೀವು?"

"ಕನಕಪುರದ ಹತ್ರ ಒಂದು ಹಳ್ಳಿ, ಅಮ್ಮ."

"ಏನ್ ಕೆಲಸದಾಗ ಇದ್ರಿ?"

"ಸರ್ಕಾರಿ ಹಾಸ್ಟೆಲ್‌ನಲ್ಲಿ ವಾರ್ಡನ್ ಆಗಿದ್ದೆ. ನಾನು ಓದಿದ್ದೂ ಅಂಥದ್ದೇ ಹಾಸ್ಟೆಲ್‌ನಲ್ಲಿ."

"ಓ... ಛಲೋ ಆತು" ಎಂದರು ಆಂಟಿ. ಮಾಮೂಲಿನಂತೆ ಮನೆದೇವರು ಯಾರು, ಯಾರ ಪೈಕಿ ಎಂದು ಮುಂದುವರಿಸಲಿಲ್ಲ. ಯಾವ ಮಕ್ಕಳಿಗಾಗಿ ಆ ಹಾಸ್ಟೆಲ್ ಎಂಬುದು ರೂಮಿನಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ದಲಿತರು ಎಂಬ ಮಾತನ್ನು ಅವತ್ತು ಯಾರೂ ಆಡಲಿಲ್ಲ. ಆಡದೇ ಇದ್ದದ್ದು ನಮ್ಮ ಸಭ್ಯತೆ ಎಂದೇ ನಾನು ತಿಳಿದಿದ್ದೆ. ಉತ್ತರ ಸಿಕ್ಕಿದ ಕೂಡಲೇ ನಮ್ಮ ಕುತೂಹಲ ಮುಗಿದುಹೋಯಿತು. ಅವರ ಕುತೂಹಲ ಮಾತ್ರ ಅವತ್ತಿನಿಂದ ಶುರುವಾಯಿತು.

ಅವರಂತೆ ಕಥೆ ಓದುವವರನ್ನು ನಾನು ಬೇರೆಲ್ಲೂ ನೋಡಿಲ್ಲ. ನಾವೆಲ್ಲ ಪಾತ್ರ, ಭಾಷೆ, ತಂತ್ರ ಎಂದು ದೊಡ್ಡ ದೊಡ್ಡ ಮಾತಾಡುತ್ತಿದ್ದಾಗ ಅವರು ಒಂದು ಹಾಳೆ ತೆಗೆದುಕೊಂಡು ಕಥೆಯ ಮನೆಯ ನಕ್ಷೆ ಬರೆಯುತ್ತಿದ್ದರು. ಇದು ಜಗಲಿ, ಇದು ನಡುಮನೆ, ಇದು ಹಿತ್ತಿಲು. ಕಥೆಯಲ್ಲಿ ಬರುವ ಒಬ್ಬೊಬ್ಬರೂ ಎಲ್ಲಿಯವರೆಗೆ ಬರುತ್ತಾರೆ ಎಂದು ಅದರಲ್ಲಿ ಚುಕ್ಕಿ ಇಡುತ್ತಿದ್ದರು. ಆಮೇಲೆ ಸಣ್ಣ ದನಿಯಲ್ಲಿ ಕೇಳುತ್ತಿದ್ದರು. "ಈ ಮದುವೆ ಮನೇಲಿ ಐನೂರು ಜನ ಉಂಡ್ರು ಅಂತ ಬರೆದಿದ್ದಾರೆ. ಎಲೆ ಎತ್ತಿದ್ದು ಯಾರು? ಅವರು ಎಲ್ಲಿ ಕೂತು ಉಂಡ್ರು?"

ಹೌದಲ್ಲ ಎಂದು ನಾವೆಲ್ಲ ಪುಟ ತಿರುಗಿಸುತ್ತಿದ್ದೆವು. ಎಲ್ಲೂ ಇರುತ್ತಿರಲಿಲ್ಲ. ಇನ್ನೊಂದು ಸಲ ಪಂಚಾಯ್ತಿ ಚುನಾವಣೆಯ ಕಥೆ. ಮೀಸಲು ಸೀಟಿನಲ್ಲಿ ಗೆದ್ದ ಹೆಂಗಸೊಬ್ಬಳು ಮೊದಲ ಮೀಟಿಂಗಿಗೆ ಬಂದು ನೆಲದ ಮೇಲೆ ಕೂರುತ್ತಾಳೆ. ಅದನ್ನು ಓದುವಾಗ ನಮ್ಮಲ್ಲಿ ಇಬ್ಬರ ಕಣ್ಣಲ್ಲಿ ನೀರು. ವಾರ್ಡನ್ ಸರ್ ಕೇಳಿದ್ದು, "ಆ ರೂಮಲ್ಲಿ ಕುರ್ಚಿ ಎಷ್ಟಿದ್ವು? ಒಂದು ಕಮ್ಮಿ ಇತ್ತೋ, ಖಾಲಿ ಇದ್ದೂ ಕೂರಲಿಲ್ವೋ? ಎರಡೂ ಬೇರೆ ಬೇರೆ ಕಥೆ ಅಲ್ವಾ?" ಅವತ್ತಿನಿಂದ ನಾನು ಏನು ಓದಿದರೂ ಕುರ್ಚಿ ಎಣಿಸುತ್ತೇನೆ.

ಅವರು ತಮ್ಮ ಬಗ್ಗೆ ಹೇಳಿಕೊಂಡದ್ದು ಕಡಿಮೆ. ಒಂದು ಮಧ್ಯಾಹ್ನ ಮಾತ್ರ ಹಾಸ್ಟೆಲ್ ವಿಷಯ ಬಂತು. ಅಡುಗೆಯವರು ರಜಾ ಹಾಕಿದ ದಿನ ಎಂಬತ್ತು ಮಕ್ಕಳಿಗೆ ತಾವೇ ಅಡುಗೆ ಮಾಡುತ್ತಿದ್ದರಂತೆ. ಮೇಲಿನ ಆಫೀಸಿನಿಂದ ಯಾರಾದರೂ ಹಾಸ್ಟೆಲ್ ನೋಡಲು ಬಂದರೆ ಮಕ್ಕಳ ಸಾಲಿನಲ್ಲೇ ಎಲೆ ಹಾಕಿ ಕರೆಯುವುದು ಅವರ ಪದ್ಧತಿ.

"ಸೋಮವಾರ ಬಂದೋರಿಗೆ ಶಿವನ ಉಪವಾಸ. ಗುರುವಾರ ಬಂದೋರಿಗೆ ರಾಯರದು. ಶನಿವಾರ ಹನುಮಂತಂದು. ನಾನೂ ಬುಧವಾರ ಬನ್ನಿ ಸ್ವಾಮಿ ಅಂತ ಪತ್ರ ಬರೆದೆ. ಬುಧವಾರ ಬಂದೋರಿಗೆ ಹೊಟ್ಟೆನೋವು."

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವರೂ ನಕ್ಕರು. ಎಲ್ಲರೂ ಸುಮ್ಮನಾದ ಮೇಲೂ ಸ್ವಲ್ಪ ಹೊತ್ತು ಅವರೊಬ್ಬರೇ ನಗುತ್ತಿದ್ದರು.

ಲಿಸ್ಟ್‌ನಲ್ಲಿ ವಾರ್ಡನ್ ಸರ್ ಹೆಸರಿನ ಮುಂದೆ ಯಾವಾಗಲೂ ಇರುತ್ತಿದ್ದುದು ಪೇಪರ್ ಪ್ಲೇಟು, ಐಸು. ಮೊದಲ ತಿಂಗಳಿನಿಂದ ಹಾಗೆಯೇ. ಉಳಿದವರದು ತಿಂಗಳು ತಿಂಗಳಿಗೆ ಬದಲಾಗುತ್ತಿತ್ತು. ಬಿಸಿಬೇಳೆಬಾತು, ಕೋಸಂಬರಿ, ಡಾಕ್ಟರ್ ಆಂಟಿಯ ರೊಟ್ಟಿ ಮತ್ತು ಗುರೆಳ್ಳು ಚಟ್ನಿಪುಡಿ. ನಮ್ಮ ಕಡೆ ಹುಚ್ಚೆಳ್ಳು ಅನ್ನುವುದಕ್ಕೆ ಅವರ ಕಡೆ ಗುರೆಳ್ಳು. ಅವರು ತಂದ ಪುಡಿ ಹತ್ತು ನಿಮಿಷದಲ್ಲಿ ಖಾಲಿ, ಅದರಲ್ಲಿ ನನ್ನ ಪಾಲು ದೊಡ್ಡದು. ಹಿರಿಯರಿಗೆ ಅಡುಗೆಯ ತೊಂದರೆ ಯಾಕೆ ಎಂದು ಡಾಕ್ಟರ್ ಆಂಟಿಯೇ ಅವರ ಸಾಲಿನಲ್ಲಿ ಪ್ಲೇಟು, ಐಸು ಎಂದು ಬರೆದರು, ನಾನು ಸುಮ್ಮನಿದ್ದೆ. ಇಷ್ಟು ವರ್ಷ ನನಗೆ ನೆನಪಿದ್ದದ್ದು ಹೀಗೆ. ವಾರ್ಡನ್ ಸರ್‌ಗಿಂತ ಡಾಕ್ಟರ್ ಆಂಟಿಯೇ ನಾಲ್ಕು ವರ್ಷ ದೊಡ್ಡವರು ಎಂಬುದು ಆಗ ಯಾರಿಗೂ ಹೊಳೆಯಲಿಲ್ಲ.

ಒಂದು ಶನಿವಾರ ಅವರು ಪ್ಲೇಟು, ಐಸಿನ ಜೊತೆ ಒಂದು ಸ್ಟೀಲ್ ಡಬ್ಬಿಯನ್ನೂ ತಂದರು. ರಾಗಿ ರೊಟ್ಟಿ, ಆಗತಾನೆ ರುಬ್ಬಿದ ಹುಚ್ಚೆಳ್ಳು ಚಟ್ನಿ. ಮುಚ್ಚಳ ಒಂಚೂರು ತೆಗೆದದ್ದಕ್ಕೇ ರೂಮಿಗೆಲ್ಲ ಘಮ್ಮೆಂದು ವಾಸನೆ ಬಂತು.

"ಲಿಸ್ಟಿನ್ಯಾಗ ಇಲ್ಲಲ್ಲರಿ ಇದು" ಎಂದರು ಡಾಕ್ಟರ್ ಆಂಟಿ. "ಊಟ ಭಾಳ ಆಗೇತಿ. ಆ ಕಡೆ ಇಡ್ರಿ." ಡಬ್ಬಿ ಊಟದ ಮೇಜಿನಿಂದ ಸಿಂಕ್ ಪಕ್ಕದ ಕಟ್ಟೆಗೆ ಹೋಯಿತು, ಐಸಿನ ಚೀಲದ ಜೊತೆಗೆ. ಎಲ್ಲರೂ ಅವರು ತಂದ ಪ್ಲೇಟಿನಲ್ಲಿ ಬಡಿಸಿಕೊಂಡು ತಿಂದರು. ಡಬ್ಬಿಯ ಹತ್ತಿರ ಯಾರೂ ಹೋಗಲಿಲ್ಲ. ಅವತ್ತು ಓದಿದ ಕಥೆ ಯಾವುದಾಗಿತ್ತೋ... ಕೆರೆಯ ನೀರಿನದೋ, ದೇವಸ್ಥಾನದ ಬಾಗಿಲಿನದೋ. ಅಂಥದ್ದೇ ಯಾವುದೋ ಒಂದು. ಅನ್ಯಾಯ, ಅನ್ಯಾಯ ಎಂದು ಎಲ್ಲರಿಗಿಂತ ಜೋರಾಗಿ ಮಾತಾಡಿದವಳು ನಾನು.

ಕೊನೆಗೆ ವಾರ್ಡನ್ ಸರ್ ತಾವೇ ಒಂದು ಪ್ಲೇಟಿನಲ್ಲಿ ಅರ್ಧ ರೊಟ್ಟಿ, ಒಂದು ಚಮಚ ಚಟ್ನಿ ಹಾಕಿಕೊಂಡು ನನ್ನ ಹತ್ತಿರ ಬಂದರು.

"ಒಂಚೂರು ರುಚಿ ನೋಡಮ್ಮ."

ನನಗೆ ಯಾವ ಯೋಚನೆಯೂ ಬರಲಿಲ್ಲ. ಬಾಯಿ ತಾನಾಗಿ ಆಡಿತು. "ಇವತ್ತು ಶನಿವಾರ ಅಲ್ವಾ ಸರ್. ಬೆಳ್ಳುಳ್ಳಿ ಮುಟ್ಟಲ್ಲ."

ನಮ್ಮ ಬಳಗ ಸೇರುತ್ತಿದ್ದುದೇ ಶನಿವಾರ. ನನ್ನ ತಟ್ಟೆಯಲ್ಲಿ ಡಾಕ್ಟರ್ ಆಂಟಿಯ ಚಟ್ನಿಪುಡಿ ಇತ್ತು, ಬೆಳ್ಳುಳ್ಳಿ ಕುಟ್ಟಿ ಹಾಕಿದ್ದು. ಅವರು ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು.

"ಓ... ಶನಿವಾರ" ಎಂದು ನಕ್ಕರು. ನಾವೆಲ್ಲ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಕಥೆಯೊಳಗೆ ನಾನೇ ಹೋಗಿ ಕೂತಿದ್ದೇನೆ ಎಂದು ನನಗೆ ಗೊತ್ತಾದದ್ದು ಮನೆಗೆ ಡ್ರೈವ್ ಮಾಡುವಾಗ, ಸಿಗ್ನಲ್‌ನಲ್ಲಿ ಕಾರು ನಿಂತಿದ್ದಾಗ. ಹಸಿರು ಬಿದ್ದದ್ದೂ ತಿಳಿಯಲಿಲ್ಲ, ಹಿಂದಿನವರು ಹಾರ್ನ್ ಹೊಡೆದರು.

ಅವತ್ತು ಹೊರಡುವ ಮುಂಚೆ ಅವರು ಡಬ್ಬಿಯ ಮುಚ್ಚಳ ಒತ್ತಿ ಹಾಕುತ್ತಾ ಒಂದು ಪ್ರಶ್ನೆ ಕೇಳಿದ್ದರು. ಕಥೆಯ ಬಗ್ಗೆ ಕೇಳುವ ಅದೇ ಸಣ್ಣ ದನಿ.

"ಲಿಸ್ಟ್ ಮಾಡೋರು ಯಾರಮ್ಮ?"

"ನಾನೇ ಸರ್."

"ಚೆನ್ನಾಗಿ ಮಾಡ್ತೀರಮ್ಮ. ಏನೂ ಬಿಟ್ಟುಹೋಗಲ್ಲ."

ಮುಂದಿನ ತಿಂಗಳೂ ಅವರು ಬಂದರು. ಗಟ್ಟಿಯಾದ ಒಳ್ಳೇ ಪ್ಲೇಟು ತಂದರು. ನಕ್ಷೆ ಬರೆದರು, ಪ್ರಶ್ನೆ ಕೇಳಿದರು. ಡಬ್ಬಿ ಮಾತ್ರ ಮತ್ತೆ ತರಲಿಲ್ಲ. ಒಮ್ಮೆ ಅವರನ್ನು ಮನೆಗೆ ಕರೆಯಬೇಕು, ಆ ದಿನದ ಮಾತು ಎತ್ತಬೇಕು ಎಂದು ಲೆಕ್ಕವಿಲ್ಲದಷ್ಟು ಸಲ ಅಂದುಕೊಂಡೆ. ಅಷ್ಟರಲ್ಲಿ ಮಗಳ ಕೆಲಸ ಹ್ಯೂಸ್ಟನ್‌ಗೆ ಶಿಫ್ಟ್ ಆಯಿತು, ಅವರು ಸ್ಟಾಫರ್ಡ್ ಕಡೆ ಹೋದರು. ನಾವು ಡಾಲಸ್ ಪಕ್ಕದ ಈ ಪ್ರಾಸ್ಪರ್‌ನಲ್ಲಿ ಮನೆ ಕಟ್ಟಿಸುವ ಗಡಿಬಿಡಿಯಲ್ಲಿದ್ದೆವು. ಎರಡು ವರ್ಷದ ಹಿಂದೆ ಬಳಗದ ವಾಟ್ಸಾಪ್‌ನಲ್ಲಿ ಅವರು ತೀರಿಹೋದ ಸುದ್ದಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನೂ ಹಾಕಿದೆ.

ಆಮೇಲೆ ನಾನು ಮಾಡಿದ್ದನ್ನೂ ಹೇಳಿಬಿಡುತ್ತೇನೆ. ಈ ಡಬ್ಬಿಯ ಪ್ರಸಂಗವನ್ನು ನಾನು ಅಲ್ಲಲ್ಲಿ ಹೇಳತೊಡಗಿದೆ. ಆಸ್ಟಿನ್‌ನ ಗೆಳತಿಯ ಮನೆಯಲ್ಲಿ, ಇಲ್ಲಿ ನೆರೆಯವರ ಮುಂದೆ. ನಮ್ಮ ಜನ ಸಮುದ್ರ ದಾಟಿದರೂ ಇದನ್ನೆಲ್ಲ ಬಿಡುವುದಿಲ್ಲ ನೋಡಿ ಎನ್ನುತ್ತಾ, ಡಾಕ್ಟರ್ ಆಂಟಿ ಲಿಸ್ಟ್‌ನಲ್ಲಿ ಹೇಗೆ ಬರೆದರು, ಡಬ್ಬಿಯನ್ನು ಹೇಗೆ ಸರಿಸಿದರು ಎಂದು ಅಭಿನಯಿಸಿ ತೋರಿಸುತ್ತಿದ್ದೆ. ಬೆಳ್ಳುಳ್ಳಿಯ ಮಾತನ್ನು ಬಿಟ್ಟು ಹೇಳುತ್ತಿದ್ದೆ. ಕೇಳಿದವರು ಛೇ ಛೇ ಅನ್ನುತ್ತಿದ್ದರು, ನನಗೂ ಎದೆ ಹಗುರಾಗುತ್ತಿತ್ತು.

ಸ್ಟಾಫರ್ಡ್‌ನ ಅಂಗಡಿಯಲ್ಲಿ ಅದೇ ಪುಡಿಯ ಒಂದು ಪ್ಯಾಕೆಟ್ ಕೊಂಡು, ಕಾರಿನಲ್ಲಿ ಕೂತು ಅವರ ಮಗಳಿಗೆ ಫೋನ್ ಮಾಡಿದೆ. ನಂಬರು ಇನ್ನೂ ಇತ್ತು. ನಾನು ಯಾರೆಂದು ಹೇಳುತ್ತಿದ್ದಂತೆ ಅವಳ ದನಿ ಅರಳಿತು.

"ಅಪ್ಪ ನಿಮ್ಮ ಬಳಗದ ಬಗ್ಗೆ ತುಂಬ ಹೇಳೋರು ಆಂಟಿ. ಗೊತ್ತಾ, ಫೋನಲ್ಲಿ ಕನ್ನಡ ಟೈಪ್ ಮಾಡೋದು ಅವರಿಗೆ ನಾನೇ ಹೇಳಿಕೊಟ್ಟಿದ್ದು. ಫಸ್ಟ್ ಅವರು ಟೈಪ್ ಮಾಡಿದ್ದೇ ನಿಮ್ಮ ಲಿಸ್ಟ್‌ನಲ್ಲಿ. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಅಂತ. ಅಷ್ಟು ಬರೆಯೋಕೆ ಅರ್ಧ ಗಂಟೆ ತಗೊಂಡ್ರು."

"ಅವರ ಸಾಲಲ್ಲಿ ಯಾವಾಗಲೂ ಪ್ಲೇಟು, ಐಸು ಇತ್ತಲ್ಲಮ್ಮ" ಎಂದೆ.

"ಅದು ಆಮೇಲೆ ಚೇಂಜ್ ಆಯ್ತು ಅಂದ್ರು. ಯಾರು ಮಾಡಿದ್ದು ಅಂತ ನೋಡೋಕೆ ಬರುತ್ತಾ ಅಂತ ಕೇಳಿದ್ರು. ಆ ವಾರಾನೇ ತೋರಿಸಿಕೊಟ್ಟಿದ್ದೆ."

ಪ್ರಾಸ್ಪರ್‌ವರೆಗಿನ ನಾಲ್ಕೂವರೆ ಗಂಟೆಯ ದಾರಿಯುದ್ದಕ್ಕೂ ನನಗೆ ಒಂದೇ ಕುತೂಹಲ. ಡಾಕ್ಟರ್ ಆಂಟಿ ಬರೀ ಬರೆದದ್ದಲ್ಲ, ಅಳಿಸಿಯೂ ಬರೆದಿದ್ದಾರೆ. ನಿಜ ಹೇಳಬೇಕೆಂದರೆ, ನನ್ನ ಕಥೆಗೆ ಇನ್ನೊಂದು ಒಳ್ಳೆಯ ಸಾಕ್ಷಿ ಸಿಕ್ಕಿತೆಂಬ ಉತ್ಸಾಹವೂ ಇತ್ತು. ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ಹಳೆಯ ಶೀಟ್ ಹುಡುಕಿದೆ. ವಾರ್ಡನ್ ಸರ್ ಸಾಲಿನ ಚೌಕದ ಮೇಲೆ ಒತ್ತಿದರೆ ಅದರಲ್ಲಿ ಯಾರು ಯಾವಾಗ ಏನು ಬರೆದರು ಎಂಬುದೆಲ್ಲ ಒಂದರ ಕೆಳಗೊಂದು ಬರುತ್ತದೆ.

ಮೊದಲು ವಾರ್ಡನ್ ಸರ್ ಹೆಸರು. ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಅದೇ ಸಂಜೆ ಅದು ಅಳಿಸಿ, ಪ್ಲೇಟು, ಐಸು. ಅಳಿಸಿ ಬರೆದವರ ಹೆಸರೂ ಇತ್ತು. ನನ್ನದು.

ಎಷ್ಟು ಕೆದಕಿದರೂ ಆ ಸಂಜೆ ನೆನಪಿಗೆ ಬರುತ್ತಿಲ್ಲ. ಒಲೆಯ ಮೇಲೆ ಏನೋ ಇಟ್ಟಿದ್ದೆನೋ, ಮಕ್ಕಳಿಗೆ ಹೋಂವರ್ಕ್ ಮಾಡಿಸುತ್ತಿದ್ದೆನೋ... ಒಂದು ಚಣ ಕೈ ತಡೆದದ್ದಾದರೂ ನೆನಪಿರಬೇಕಿತ್ತು. ಇಲ್ಲ. ಡಾಕ್ಟರ್ ಆಂಟಿ ಬರೆಯುತ್ತಿರುವ ಚಿತ್ರ ಮಾತ್ರ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅದನ್ನು ನಾನೇ ಕಟ್ಟಿಕೊಂಡದ್ದು. ಡಬ್ಬಿ ಸರಿಸಿದ್ದು ಅವರೇ ಹೌದು. ಸರಿಸಲು ಲಿಸ್ಟಿನ ನೆಪ ಕೊಟ್ಟವಳು ನಾನು.

ವಾರ್ಡನ್ ಸರ್‌ಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಡಬ್ಬಿ ತಂದರು, ಗೊತ್ತಿದ್ದೂ ಅರ್ಧ ರೊಟ್ಟಿಯನ್ನು ನನ್ನ ಹತ್ತಿರವೇ ತಂದರು. ಲಿಸ್ಟ್ ಮಾಡೋರು ಯಾರಮ್ಮ ಎಂದು ಕೇಳಿ ನನ್ನ ಬಾಯಿಂದ ಉತ್ತರಕ್ಕೆ ಕಾದರು. ನಾನೇ ಸರ್ ಎಂದು ಎಷ್ಟು ಸಲೀಸಾಗಿ ಹೇಳಿದ್ದೆ. ನಾಚಿಕೆಯಾಗುತ್ತದೆ. ಅವರ ಮುಂದೆ ಕೂತು ಇದನ್ನು ಹೇಳಿಕೊಳ್ಳಲು ಅವರಿಲ್ಲ.

ಡಾಕ್ಟರ್ ಆಂಟಿಗೆ ಫೋನ್ ಮಾಡಬೇಕು. ಆಸ್ಟಿನ್‌ನ ಗೆಳತಿಗೂ ಮಾಡಬೇಕು. ಇನ್ನೂ ಮಾಡಿಲ್ಲ. ಸ್ಟಾಫರ್ಡ್‌ನಿಂದ ತಂದ ಪ್ಯಾಕೆಟ್ ನಿನ್ನೆ ಒಡೆದೆ. ಬಿಸಿ ಅನ್ನಕ್ಕೆ ಪುಡಿ, ತುಪ್ಪ ಹಾಕಿ ಕಲಸಿಕೊಂಡೆ. ಅದು ಡಾಕ್ಟರ್ ಆಂಟಿಯ ಪುಡಿಯ ಹಾಗೆಯೇ ಇತ್ತು. ವಾರ್ಡನ್ ಸರ್ ಚಟ್ನಿ ಹೀಗಿತ್ತೋ, ಬೇರೆ ಇತ್ತೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಅದರ ವಾಸನೆ ಮಾತ್ರ.