ಉಪ್ಪುನೀರಿನ ಬೊಗಸೆ

ಬೊಗಸೆ ನೀರು ಬಾಯಿಗೆ ಹಾಕಿಕೊಂಡವನು ಥೂ ಎಂದು ಉಗುಳಿದೆ. ಕುಮಟೆಯ ಕಡಲಿನಲ್ಲಿ ನಾನು ಗಾಳ ಹಾಕುವುದು ಶುರುವಾದದ್ದು ಹೀಗೆ. ದೇವದುರ್ಗದ ಕಡೆಯ ನಮ್ಮೂರು ಗೂಗಲ್‌ನಲ್ಲಿ ಗಾಳ ಎಸೆಯುವ ಮೊದಲು ಕೃಷ್ಣೆಯ ಒಂದು ಬೊಗಸೆ ನೀರು ಕುಡಿಯುವುದು ನಮ್ಮ ಮನೆಯ ಪದ್ಧತಿ. ಕಡಲು ಉಪ್ಪೆಂದು ನನಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಬಂಡೆಯ ಮೇಲೆ ಗಾಳ ಇಟ್ಟುಕೊಂಡು ಕೂತಿದ್ದ ಮಾದೇವ ಎಂಬ ಹಿರಿಯ ನಕ್ಕ. ಅವನ ಮೇಲಿನ ನನ್ನ ಅನುಮಾನವೂ ಅಲ್ಲಿಂದಲೇ ಶುರು.

ನಾನು ದರ್ಜಿ. ನೀರಮಾನ್ವಿಯವಳಾದ ನನ್ನ ಹೆಂಡತಿ ರೇಣುಕಾಗೆ ಇಲ್ಲಿ ಶಾಲೆಯ ಕೆಲಸ ಸಿಕ್ಕಿತೆಂದು ಹೊಲಿಗೆ ಯಂತ್ರ, ಗಾಳ ಎರಡನ್ನೂ ಹೊತ್ತು ಬಂದೆ. ಬಾಡಿಗೆ ಮನೆಯ ಗೋಡೆ ಬೆವರುತ್ತದೆ. ಯಾವ ಸಾರಿಗೂ ತೆಂಗಿನಕಾಯಿ. ಅದನ್ನೆಲ್ಲ ತಡೆದುಕೊಂಡೆ. ವಾರಗಟ್ಟಲೆ ಒಂದು ಮೀನೂ ಬೀಳದಿದ್ದಾಗ ಮಾತ್ರ ಹೇಳಿಬಿಟ್ಟೆ: "ಹಬ್ಬಕ್ಕ ಊರಿಗಿ ಹೋದ್ರ ನಾ ವಾಪಸ್ ಬರಂಗಿಲ್ಲ. ನೀ ಇಲ್ಲೇ ಇರು."

"ಮೀನಿನ ಸಲುವಾಗಿ ಹೆಂಡ್ತಿನ ಬಿಡ್ತೀರೇನ್ರಿ?" ಎಂದಳು. ಅವಳು ನಗುತ್ತಿರಲಿಲ್ಲ. ಊರಿನ ಹೊಳೆ ದಂಡೆಯಲ್ಲಿ ಜನ ನನ್ನನ್ನು ಕೇಳಿ ಗಾಳ ಹಾಕುತ್ತಿದ್ದರು, ಇಲ್ಲಿ ನಾನು ಯಾರೂ ಅಲ್ಲ ಎಂದು ಅವಳಿಗೆ ಹೇಳಲು ಬಾಯಿ ಬರಲಿಲ್ಲ.

ಮಾದೇವ ದಿನಾ ಒಂದೇ ರಾಗ: "ಈಗ ಎಂತದೂ ಸಿಗೂದಿಲ್ಲ ಮಾರಾಯ್ರೇ, ಆಮೇಲೆ ಬನ್ನಿ." ಆ 'ಆಮೇಲೆ' ಒಂದು ದಿನ ಮಧ್ಯಾಹ್ನ, ಇನ್ನೊಂದು ದಿನ ಸಂಜೆ. ಗಳಿಗೆಗೊಂದು ಮಾತಾಡುವವನನ್ನು ನಂಬುವುದು ಹೇಗೆ? ಒಳ್ಳೆಯ ಮಡುವಿನಿಂದ ಮಂದಿಯನ್ನು ಎಬ್ಬಿಸಲು ನಮ್ಮಲ್ಲೂ ಹೀಗೇ ಹೇಳುತ್ತಾರೆ. ಮಲ್ಲಟದ ನಮ್ಮ ಬೀಗರನ್ನು ನಾನೇ ಎಷ್ಟು ಸಲ ಹಾಗೆ ಎಬ್ಬಿಸಿಲ್ಲ! ಹಾಗಾಗಿ ಕದಲದೆ ಕೂತೆ. ನೀರು ಹಿಂದೆ ಸರಿದು ಗಾಳ ಕಲ್ಲಿಗೆ ಸಿಕ್ಕಿತು. ಹೊಳೆಮೀನಿಗೆ ಹಾಕುವ ಜೋಳದ ಹಿಟ್ಟಿನ ಉಂಡೆ ಅಲೆಯ ಹೊಡೆತಕ್ಕೆ ಕರಗಿಹೋಯಿತು. ಅವನು ಗಾಳಕ್ಕೆ ಚುಚ್ಚಲು ಸಿಗಡಿ ಕೊಡಲು ಬಂದ. ಪುಕ್ಕಟೆ ಕೊಡುವವನ ಮನಸ್ಸಿನಲ್ಲಿ ಏನೋ ಹಂಚಿಕೆ ಇರುತ್ತದೆಂದು ಬೇಡ ಎಂದೆ.

ಒಂದು ಭಾನುವಾರ ಮನೆಗೆ ಹೋಗುವವನಂತೆ ಹೊರಟು, ದಡಕ್ಕೆ ಎಳೆದಿಟ್ಟ ದೋಣಿಯ ಹಿಂದೆ ಅಡಗಿ ಕೂತೆ. ನಾನಿಲ್ಲದಾಗ ಮಾದೇವ ಗಾಳ ಹಾಕಿದರೆ ಕಳ್ಳ ಸಿಕ್ಕಂತೆ. ಅವನು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿಬಿಟ್ಟ. ಬಿಸಿಲಿಗೆ ನನ್ನ ನೆತ್ತಿ ಕಾದು ಹಂಚಾಯಿತು. ಆಮೇಲೆ, ಹಿಂದೆ ಸರಿದಿದ್ದ ನೀರು ತಾನಾಗಿ ಬಂಡೆಯ ಕಡೆಗೆ ಏರತೊಡಗಿತು. ಇದಕ್ಕೆ ಇಲ್ಲಿಯವರು ಭರತ ಎನ್ನುತ್ತಾರೆ. ದಿನದಿನಕ್ಕೂ ಅದರ ಹೊತ್ತು ಬದಲಾಗುತ್ತದಂತೆ. ನಮ್ಮ ಕೃಷ್ಣೆ ಏರಿದರೆ ಮೇಲೆ ಅಣೆಕಟ್ಟಿನ ಬಾಗಿಲು ತೆಗೆದಿದ್ದಾರೆಂದೇ ಅರ್ಥ. ಹೋದ ನೀರು ತಿರುಗಿ ಬರುವುದಿಲ್ಲ.

ಮಾದೇವ ಎದ್ದು, ಇತ್ತ ತಿರುಗದೆಯೇ ಕೂಗಿದ: "ದೋಣಿ ಹಿಂದೆ ಬಿಸಿಲು ಕಾಯಿಸಿದ್ದು ಸಾಕು, ಬನ್ನಿ ಮಾರಾಯ್ರೇ. ಈಗ ಮೀನು ಬರ್ತದೆ."

ನಾಚಿಕೆಯಾಯಿತು. ಆದರೂ ಸಿಗಡಿಯನ್ನು ಮೂಸಿ ನೋಡಿಯೇ ಗಾಳಕ್ಕೆ ಚುಚ್ಚಿದೆ. ದಾರ ಜಗ್ಗಿತು. ಅಂಗೈ ಅಗಲದ ಬೆಳ್ಳನೆಯ ಮೀನು! "ಇದನ್ನ ತಿಂತಾರೇನ್ರಿ?" ಎಂದು ಕೇಳಿದೆ.

"ಮೊದ್ಲು ನಾನೇ ತಿಂದು ತೋರಿಸ್ಲಾ?" ಎಂದ.

ರಾತ್ರಿ ಊಟಕ್ಕೆ ಊರಿಂದ ತಂದ ಹಿಟ್ಟಿನ ರೊಟ್ಟಿ, ಕಡಲ ಮೀನು. ರೇಣುಕಾ ಮುಳ್ಳು ಬಿಡಿಸುತ್ತಾ, "ಹಬ್ಬಕ್ಕ ಹೋದವ್ರು ಬರ್ತೀರಲ್ರೀ?" ಎಂದಳು.

"ಬರ್ತೀನಿ" ಎಂದೆ.

ಹಬ್ಬಕ್ಕೆ ಗೂಗಲ್‌ಗೆ ಹೋದಾಗ ಗಾಳ ಹಿಡಿದು ಹೊಳೆಗಿಳಿದೆ. ಬೊಗಸೆ ತುಂಬಿ ಬಾಯಿಯ ಹತ್ತಿರ ತಂದವನು ಮೊದಲು ನಾಲಿಗೆಯ ತುದಿ ತಾಗಿಸಿ ನೋಡಿದೆ. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

"ಯಾಕ ಯಪ್ಪಾ, ನಮ್ಮ ಹೊಳಿ ಮ್ಯಾಲೂ ಅನುಮಾನ ಬಂತೇನು?"

"ಇಲ್ಲಬೇ ಯವ್ವಾ" ಎಂದು ಗಟಗಟನೆ ಕುಡಿದೆ. ನೀರು ಸಿಹಿಯಾಗಿತ್ತು. ಉಪ್ಪು ಕಡಿಮೆಯಾದಂತೆಯೂ ಇತ್ತು. ಅದನ್ನು ಅವ್ವನಿಗೆ ಹೇಳಲಿಲ್ಲ.