ಕೆಂಪು ನೀರು ಆರೋತನಕ

ನಾ ಇದನ್ನ ಟೈಪ್ ಮಾಡೂಮುಂದ ಕಂಪ್ಯೂಟರಿನ ಬಾಜೂಕ ಒಂದು ಸ್ಟೀಲ್ ಬೋಗಾಣಿ ಐತಿ. ಅದರಾಗ ಅರ್ಧಮಟ ಕೆಂಪು ನೀರು, ನೀರಿನಾಗ ಸಿಪ್ಪಿ ಒಡದ ಸಣ್ಣ ಹಣ್ಣು. ಹೊಸ ಸೀರಿ ಬಣ್ಣ ಬಿಟ್ಟೈತೇನು ಅಂತ ನೀವು ಕೇಳಬಹುದು. ಇದು ಆರಿ ಗಟ್ಟಿ ಆದ್ರ ಕ್ರ್ಯಾನ್‌ಬೆರಿ ಸಾಸ್, ಆಗಲಿಲ್ಲಂದ್ರ ಬರೇ ಕೆಂಪು ನೀರು. ಕ್ರ್ಯಾನ್‌ಬೆರಿ ಅಂದ್ರ ನಮ್ಮ ಮುಧೋಳದ ಕಡೆ ಕವಳಿಹಣ್ಣಿನಂಗ ಹುಳಿ ಹಣ್ಣು, ಹೊರದೇಶದ್ದು. ನಂದು ಒಂದ ಬೆರಳಿನ ಟೈಪಿಂಗು, ಹಿಂಗಾಗಿ ಇದು ಆರೂದರಾಗ ಹೋದ ವರ್ಷದ ಸಂಗತಿ ಹೇಳಿ ಮುಗಸಬಹುದು ಅಂತ ಕುಂತೀನಿ.

ನಾವಿರೋದು ಬಂಗಾಲಿ ಮಂದಿ ನಡುವ, ಲೇಕ್ ಗಾರ್ಡನ್ಸ್‌ನ್ಯಾಗ, ಲೋಕಲ್ ರೈಲು ಹೋದಾಗೆಲ್ಲಾ ಕಿಡಕಿ ಗದಗದ ಅನ್ನೋ ಮನ್ಯಾಗ. ನಮ್ಮ ಕೆಳಗ, ಒಂದನೇ ಮಜಲಿನಾಗ, ಮಿಸ್ ಇದ್ರು. ಸಾಲಿಯೊಳಗ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಒಬ್ಬರ ಇರ್ತಿದ್ರು, ಓಣಿಗೆಲ್ಲಾ ಅವರು ಮಿಸ್. ನಾ ಸಣ್ಣಂವಿದ್ದಾಗ ಸಾಲಿಗೆ ಹೋಗಲಿಲ್ಲ, ಬೆಲ್ಲದ ಗಾಣದಾಗ ಕೊಪ್ಪರಿಗಿ ಮುಂದ ನಿಂತೆ. ಅಕ್ಷರ ಕಲತದ್ದು ಹದಿನಾರಕ್ಕ, ಹತ್ತನೇತ್ತಿ ಪಾಸಾದದ್ದು ಇಪ್ಪತ್ತಾರಕ್ಕ, ಆಮ್ಯಾಲೆ ರೈಲ್ವೆದಾಗ ಖಲಾಸಿ ಅಂತ ಇಲ್ಲಿ ಸಿಯಾಲ್ದಾ ಸ್ಟೇಶನ್ನಿಗೆ ಬಂದೆ. ಬಡ್ತಿ ಪರೀಕ್ಷಾಕ್ಕ ಇಂಗ್ಲಿಷ್ ಓದಾಕ ಬರಬೇಕಂದಾಗ ನನಗ ನಲವತ್ತು ದಾಟಿತ್ತು. ಎರಡು ವರ್ಷ ಮಿಸ್ ತಮ್ಮ ಊಟದ ಟೇಬಲ್ ಮುಂದ ಕುಂದ್ರಿಸಿ ಕಲಿಸಿದ್ರು. ಒಂದೊಂದು ಶಬ್ದದ ಕೆಳಗ ಬೆರಳು ಇಟ್ಟ ಓದಬೇಕು. ಕಣ್ಣು ಮುಂದ ಓಡತಾವ, ಬೆರಳು ಓಡಂಗಿಲ್ಲ ಅನ್ನೋರು, ಹಿಂದಿ ಇಂಗ್ಲಿಷ್ ಕಲಸಿ.

ಹೋದ ವರ್ಷ ಅವರಿಗೆ ಮೆಟ್ಟಲ ಏರೋದು ಇಳಿಯೋದು ಆಗಲಾರದಂಗಾತು. ಮನಿ ಮಾರಿದ್ರು. ಹೊಸ ವರ್ಷಕ್ಕ ನ್ಯೂ ಟೌನ್‌ನ್ಯಾಗ ಅಣ್ಣನ ಮಗಳ ಮನಿಗೆ ಹೋಗೋದು ಅಂತ ಗಟ್ಟಿ ಆತು. ಅದಕ್ಕ ಆ ವರ್ಷದ ಬೊಡೊದಿನ್, ಅಂದ್ರ ಇಲ್ಲಿಯವರ ಕ್ರಿಸ್‌ಮಸ್, ಆ ಮನಿಯೊಳಗಿನ ಕಡೀ ಊಟ. ಬಾತುಕೋಳಿ ಹುರಿದು ಅದರ ಜೋಡಿ ಅವರ ತಾಯಿ ಮಾಡ್ತಿದ್ದ ಕ್ರ್ಯಾನ್‌ಬೆರಿ ಸಾಸ್ ಇರಬೇಕು ಅನ್ನೋದೊಂದ ಅವರ ಆಶಾ. ಅಣ್ಣನ ಮಗಳು ಎಲ್ಲೆಲ್ಲೋ ಹುಡುಕಿ ಹಣ್ಣಿಂದು ಒಂದ ಪ್ಯಾಕೆಟ್ ತಂದಿದ್ಲು. ಮಿಸ್ಸಿನ ಕೈ ನಡುಗ್ತಿದ್ವು. ನನ್ನ ಕರದು, "ಫಕೀರಪ್ಪ, ನೀನು ಬೆಲ್ಲ ಕುದಿಸಿದಂವ, ಒಲಿ ನಿನಗ ಗೊತ್ತು," ಅಂತ ಪ್ಯಾಕೆಟ್ ಕೈಯಾಗ ಇಟ್ರು. ಪರೀಕ್ಷಾ ಪಾಸಾದಾಗಲೂ ನನಗ ಅಷ್ಟು ಸಂತೋಷ ಆಗಿರಲಿಲ್ಲ.

ಪ್ಯಾಕೆಟ್ಟಿನ ಮ್ಯಾಲಿಂದು ಎರಡು ಸಾಲು ಓದಿದೆ, ಸಕ್ರಿ ಎಷ್ಟು, ನೀರು ಎಷ್ಟು. ಒಲಿ ಹಚ್ಚಿದ ಮ್ಯಾಲೆ ಕೈ ತಾನ ಮುಂದ ಹೋತು. ಹಣ್ಣು ಪಟ್ ಪಟ್ ಅಂತ ಒಡದು ಇಷ್ಟ ತೆಳ್ಳಗ ನೀರಾತು. ಗಾಣದಾಗ ಇಂಥಾದ್ದನ್ನ ಇಳಿಸಿದ್ರ ಪಾಕ ನೋಡೋ ಹಿರಿಯಾ ತಿರುವೋ ಹುಟ್ಟಿನಿಂದನ ಬಡೀತಿದ್ದ. ನಾ ಉರಿ ಏರಿಸಿ ಕುದಿಸಿದೆ. ಬೆರಳ ಸಂದಿ ಎಳಿ ಬಂತು, ತಣ್ಣೀರಿಗೆ ಹನಿ ಬಿಟ್ರ ಉಂಡಿ ಆತು. ಆಗ ಇಳಿಸಿದೆ. ತಾಸಿನ ಮ್ಯಾಲೆ ನೋಡಿದ್ರ ಸೌಟು ಅದರಾಗ ಕಂಬದಂಗ ನಿಂತಿತ್ತು. ನಮ್ಮಾಕಿ ಶಾಂತವ್ವ ಬಂದು ಸೌಟು ಅಳ್ಳಾಡಿಸಿ, "ಏನ್ರಿ, ಮಿಸ್ಸಿಗೆ ಹಲ್ಲು ಎಷ್ಟು ಉಳದಾವ ಅಂತ ಕೇಳಿದ್ರೇನು?" ಅಂದ್ಲು.

ಬೋಗಾಣಿ ಹಿಡಕೊಂಡು ಕೆಳಗಿಳಿದೆ. ಮಿಸ್ ಬೈಲಿಲ್ಲ. ಪ್ಯಾಕೆಟ್ ನನ್ನ ಮುಂದ ಹಿಡದು ಓದು ಅಂದ್ರು. ಓದಿದೆ. ಸಿಪ್ಪಿ ಒಡದ ಕೂಡ್ಲೆ ಇಳಸ್ರಿ, ಆರಿದ ಮ್ಯಾಲೆ ತಾನ ಗಟ್ಟಿ ಆಗತೈತಿ ಅಂತ ಮೂರನೇ ಸಾಲಿನಾಗ ಸ್ಪಷ್ಟ ಇತ್ತು.

"ಬೆರಳು ಎಲ್ಲಿತ್ತು?" ಅಂದ್ರು.

"ಸೌಟಿನ ಮ್ಯಾಲೆ, ಮಿಸ್."

ಚಳಿಗಾಲದ ಕಿತ್ತಳಿ ನಾಲ್ಕು ಹಿಂಡಿ, ಬಿಸಿನೀರು ಹಾಕಿ ಅದನ್ನ ಕರಗಿಸಿದ್ವಿ. ಚಟ್ನಿಯಂಗ ಏನೋ ಒಂದಾತು. ಊಟದಾಗ ಮಿಸ್ ತಾಟಿನಾಗಿಂದೆಲ್ಲಾ ತಿಂದ್ರು, ಬಾತುಕೋಳಿ ಛಲೋ ಆಗೈತಿ ಅಂದ್ರು. ಸಾಸಿನ ಮಾತು ತಗೀಲಿಲ್ಲ. ಆ ಮನ್ಯಾಗಿನ ಕಡೀ ಊಟಕ್ಕ ಅವರ ತಾಯಿ ಸಾಸ್ ಇರಲಿಲ್ಲ. ಅದು ಹಂಗ ಆಗಿಹೋತು, ಈಗ ಕಿತ್ತಳಿ ಹಿಂಡಿ ಸರಿ ಮಾಡೋ ಹಂಗಿಲ್ಲ.

ನಾ ಇದನ್ನ ಭಾಳ ಸಲ ವಿಚಾರ ಮಾಡೀನಿ. ಗಾಣದಾಗ ಕಲತದ್ದು ಏನಂದ್ರ, ಎದುರು ನಿಂತು ಕುದಿಸಿದಷ್ಟ ಗಟ್ಟಿ, ನೀ ಬಿಟ್ಟಿ ಅಂದ್ರ ಕೆಡತೈತಿ. ನೌಕರಿ, ಪರೀಕ್ಷಾ ಎಲ್ಲಾ ಹಂಗ ಮಾಡಿದೆ, ಆದ್ವು ಸೈತ. ಆದ್ರ ಓದು ಹಂಗ ಬಂದಿರಲಿಲ್ಲ ನೋಡ್ರಿ. ಎರಡು ವರ್ಷ ಆದಮ್ಯಾಲೆ ಮಿಸ್ ಒಂದಿನ ಸಾಕು ಅಂದ್ಬಿಟ್ರು. ಇನ್ನೂ ತಡವರಿಸ್ತೀನಿ, ಇದೇನು ನಡುವ ಕೈಬಿಟ್ರು ಅಂತ ನನಗ ಒಳಗೊಳಗ ಸಿಟ್ಟು. ಆರು ತಿಂಗಳು ಪುಸ್ತಕ ಮುಟ್ಟಲಿಲ್ಲ. ಆಮ್ಯಾಲೆ ಒಂದು ಮುಂಜಾನೆ ಸಿಯಾಲ್ದಾ ಪ್ಲಾಟ್‌ಫಾರ್ಮಿನ ಮ್ಯಾಲೆ ನಿಂತಂವ ಎದುರಿನ ಇಂಗ್ಲಿಷ್ ಫಲಕ ಓದಿಬಿಟ್ಟಿದ್ದೆ, ಬೆರಳು ಕಿಸೆದಾಗ ಇತ್ತು. ಅದು ಯಾವಾಗ ಗಟ್ಟಿ ಆತೋ ನನಗ ಗೊತ್ತಾಗಲಿಲ್ಲ. ಮಿಸ್ಸಿಗೆ ಯಾವಾಗ ಇಳಿಸಬೇಕು ಅನ್ನೋದು ಗೊತ್ತಿತ್ತು.

ಈ ವರ್ಷ ಪ್ಯಾಕೆಟ್ ನಾನ ಹುಡುಕಿ ತಂದೆ. ಮಿಸ್ಸಿಗೆ ಫೋನ್ ಮಾಡಿದ್ರ, ಸಾಸ್ ಆದ್ರ ತಗೊಂಡು ಬಾ, ಚಿಕ್ಕಿ ಆದ್ರ ಜೋಡಿ ಸುತ್ತಿಗಿನೂ ತಗೊಂಡು ಬಾ ಅಂದ್ರು. ಇವತ್ತ ಒಂದೊಂದು ಶಬ್ದದ ಕೆಳಗ ಬೆರಳು ಇಟ್ಟು ಓದಿದೆ. ಸಿಪ್ಪಿ ಒಡದ್ವು, ಇಳಿಸಿದೆ. ಇನ್ನೊಂದು ಕುದಿ ಬರಲಿ ಅಂತ ಕೈ ಭಾಳ ಕಡದ್ವು. ಅವಕ್ಕ ಏನರೆ ಕೆಲಸ ಇರಲಿ ಅಂತನ ಇದನ್ನ ಬರಿಯಾಕ ಕುಂತದ್ದು.

ನ್ಯೂ ಟೌನ್ ಬಸ್ಸಿಗೆ ಹೊತ್ತಾತು ಅಂತ ಶಾಂತವ್ವ ಕರದ್ಲು. ಬೋಗಾಣಿ ಎತ್ತಿ ಒಂದೀಟು ವಾರಿ ಮಾಡಿ ನೋಡಿದೆ. ಕೆಂಪು ನೀರು ಓಡಲಿಲ್ಲ. ಮ್ಯಾಲೆ ಸಣ್ಣ ಸುಕ್ಕು ಬಂತು, ಮತ್ತ ಸಾವಕಾಶ, ನಿದ್ದಿಗಣ್ಣಾಗ ಮಗ್ಗಲಾ ಬದಲಿಸಿದಂಗ, ಬೋಗಾಣಿಯ ಈ ಕಡೆ ಸರೀತು.