ನೂಲಿನಷ್ಟು ತುಂಡು

ಕುಂಬಳೆಯ ರತ್ನ ಕೊಚ್ಚಿಗೆ ಬಂದು ಇಪ್ಪತ್ತಮೂರು ವರ್ಷವಾಗಿದೆ. ಒಂದು ಖಾಸಗಿ ಆಸ್ಪತ್ರೆಯ ಪೆಥಾಲಜಿ ಲ್ಯಾಬಿನಲ್ಲಿ ಹಿರಿಯ ಟೆಕ್ನೀಶಿಯನ್. ರೋಗಿಗಳ ಮೈಯಿಂದ ತೆಗೆದ ತುಂಡನ್ನು ಮೇಣದಲ್ಲಿ ಕೂರಿಸಿ, ಯಂತ್ರದಲ್ಲಿ ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು, ಗಾಜಿಗೆ ಹತ್ತಿಸಿ, ಬಣ್ಣ ಹಾಕಿ ಕೊಡುವುದು ಅವಳ ಕೆಲಸ. ಅದು ಯಾವ ಗಡ್ಡೆಯೆಂದು ನೋಡಿ ಹೇಳುವವರು ಡಾಕ್ಟರ್ ನಿಶಾ. ವಿಚಿತ್ರವಾದ ಗಡ್ಡೆ ಬಂದರೆ ಒಂದೇ ತುಂಡಿನಿಂದ ಹತ್ತು ಹನ್ನೆರಡು ಪರೀಕ್ಷೆಗೆ ಪದರ ಬೇಕಾಗುತ್ತದೆ. ಆಗ ನಿಶಾ, ಮಲಯಾಳದಲ್ಲಿ ಅಕ್ಕ ಎನ್ನುವಂತೆ, ಇದನ್ನು ರತ್ನ ಚೇಚಿಯೇ ಕೊಯ್ಯಲಿ ಎನ್ನುತ್ತಿದ್ದರು. ರತ್ನಳಿಗೆ ಅದರ ಹೆಮ್ಮೆಯಿತ್ತು.

ಓಣಂ ರಜೆಯ ಹಿಂದಿನ ದಿನ ಕೆಲಸ ರಾಶಿ ಬಿದ್ದಿತ್ತು. ದೊಡ್ಡ ತುಂಡುಗಳ ಮೇಲಿನ ಮೇಣ ಬೇಗ ಹೋಗಲೆಂದು ರತ್ನ ಯಂತ್ರವನ್ನು ದಪ್ಪ ಕೊಯ್ತಕ್ಕೆ ಇಟ್ಟಿದ್ದಳು. ನಂತರ ಬಂದದ್ದು ಒಬ್ಬನ ತೊಡೆಯಿಂದ ಸೂಜಿ ಹಾಕಿ ತೆಗೆದ, ನೂಲಿನಷ್ಟು ತೆಳುವಾದ ತುಂಡು. ಅಳತೆ ಬದಲಿಸಲು ಮರೆತಳು. ನಾಲ್ಕು ಸಲ ಹಿಡಿ ತಿರುಗಿಸಿದ ಮೇಲೆ ನೋಡುತ್ತಾಳೆ, ತುಂಡಿನ ಬಹುಪಾಲು ಮೇಣದ ಚೂರಿನೊಂದಿಗೆ ಕಸಕ್ಕೆ ಹೋಗಿತ್ತು. ಉಳಿದದ್ದು ಎರಡೇ ಪದರ. ರಿಜಿಸ್ಟರಿನಲ್ಲಿ ಅವಳು, ಬಂದ ತುಂಡೇ ಚಿಕ್ಕದು ಎಂದು ಬರೆದಳು.

ಸಾಮಾನ್ಯ ಗಡ್ಡೆಯಂತೆ ಕಾಣುವುದಿಲ್ಲ, ನಿರ್ಧರಿಸಲು ಸಾಲದು, ಇನ್ನೊಮ್ಮೆ ಬಯಾಪ್ಸಿ ಮಾಡಬೇಕು ಎಂದು ನಿಶಾ ವರದಿ ಕೊಟ್ಟರು.

ವರದಿ ಒಯ್ಯಲು ಬಂದವನು ಕೌಂಟರಿನ ಮುಂದೆ ಫೋನಿನಲ್ಲಿ ತಾಯಿಯೊಂದಿಗೆ ಕನ್ನಡದಲ್ಲಿ ಮಾತಾಡುತ್ತಿದ್ದ. ಇರ್ಫಾನ್, ಧಾರವಾಡದವನು. ಎಡಪ್ಪಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ. ರತ್ನ ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ಅವನ ಮುಖ ಅರಳಿತು. ಹತ್ತು ದಿನದಲ್ಲಿ ತಿರುವನಂತಪುರಕ್ಕೆ ವರ್ಗವಾಗುತ್ತಿದೆ, ಮತ್ತೆ ಸೂಜಿ ಹಾಕಿಸಿಕೊಳ್ಳುವುದು ತುರ್ತೇ ಎಂದು ಕೇಳಿದ. ಡಾಕ್ಟರನ್ನು ಕೇಳಿ ಎನ್ನಬೇಕಾಗಿತ್ತು. ಆದರೆ ತನ್ನ ತಪ್ಪು ದೊಡ್ಡದಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುವ ಆತುರ ಅವಳಿಗಿತ್ತು.

"ಗಾಬರಿ ಆಗಬೇಡಿ," ಎಂದಳು. "ಅಲ್ಲಿ ಹೋಗಿ ನಿಧಾನಕ್ಕೆ ಮಾಡಿಸಿದರೂ ಆಗ್ತದೆ."

ಐದು ತಿಂಗಳ ಮೇಲೆ ತಿರುವನಂತಪುರದ ಆಸ್ಪತ್ರೆಯಿಂದ ಪತ್ರ ಬಂತು. ಸೈನೋವಿಯಲ್ ಸಾರ್ಕೋಮಾ ಎಂಬ ಅಪರೂಪದ ಕ್ಯಾನ್ಸರ್, ಶ್ವಾಸಕೋಶದಲ್ಲೂ ಚುಕ್ಕೆಗಳಿವೆ, ಹಳೆಯ ಸ್ಲೈಡುಗಳನ್ನು ಕಳಿಸಿ. ಹೆಸರು ಓದಿದ ರತ್ನ ನೇರವಾಗಿ ನಿಶಾರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ನಿಶಾ ಬೈಯಲಿಲ್ಲ. ಸ್ಲೈಡುಗಳನ್ನು ನೀವೇ ಕೊಂಡುಹೋಗಿ ಎಂದರು.

ಬೆಳಗಿನ ರೈಲಿನಲ್ಲಿ ಹೋಗಿ ಅವುಗಳನ್ನು ಒಪ್ಪಿಸಿ, ರತ್ನ ವಾರ್ಡು ಹುಡುಕಿಕೊಂಡು ಹೋದಳು. ಇರ್ಫಾನನ ತಲೆಗೂದಲು ಉದುರಿತ್ತು. ತಾಯಿ ಚಹಾ ತರಲು ಹೋಗಿದ್ದರು. ರತ್ನ ನಿಂತೇ ಹೇಳಿದಳು: ತುಂಡು ಚಿಕ್ಕದಿರಲಿಲ್ಲ, ಹಾಳುಮಾಡಿದ್ದು ತಾನು, ನಿಧಾನಕ್ಕೆ ಆಗ್ತದೆ ಎಂದದ್ದು ಡಾಕ್ಟರನ್ನು ಕೇಳದೆ ತಾನೇ ಹೇಳಿದ್ದು.

ಅವನು ಕಿಟಕಿಯ ಕಡೆ ನೋಡುತ್ತಿದ್ದ. ಐದು ತಿಂಗಳ ಹಿಂದೆ ಶ್ವಾಸಕೋಶ ಚೆನ್ನಾಗಿತ್ತೇ ಎಂದು ಡಾಕ್ಟರರನ್ನು ಅವನು ಕೇಳಿದ್ದನಂತೆ. ಈಗ ಯಾರೂ ಹೇಳಲಾರರು ಎಂದಿದ್ದರು.

"ಅಮ್ಮಿಗೆ ಹೇಳಬ್ಯಾಡ್ರಿ ಅಕ್ಕಾರ," ಎಂದ ಕೊನೆಗೆ. "ಕೊಚ್ಚಿಯೊಳಗ ಕನ್ನಡದ ಅಕ್ಕಾರು ಒಬ್ರು ಧೈರ್ಯ ಹೇಳಿದ್ರು ಅಂತ ಅವತ್ತ ಫೋನಿನ್ಯಾಗ ಹೇಳಿದ್ದೆ. ಆಕಿ ನಿಮಗೂ ಸೇರಿಸಿ ದುವಾ ಮಾಡ್ತಾಳ."

ಹೇಳುವುದಿಲ್ಲ ಎಂದು ರತ್ನ ಮಾತು ಕೊಟ್ಟಳು. ಅವನು ಕ್ಷಮಿಸಿದೆ ಎನ್ನಲಿಲ್ಲ. ಅಷ್ಟರಲ್ಲಿ ತಾಯಿ ಬಂದರು. ಇವಳು ಯಾರೆಂದು ತಿಳಿದು ಕುರ್ಚಿ ಒರೆಸಿ ಕೂರಿಸಿ, ತಮ್ಮ ಪಾಲಿನ ಚಹಾ ಕೊಟ್ಟು, ನಂಬರು ಬರೆಸಿಕೊಂಡರು. ರತ್ನ ಕುಡಿದಳು.

ಕೊಚ್ಚಿಗೆ ಮರಳಿ ರತ್ನ ತನ್ನ ಆಸ್ಪತ್ರೆಯ ಆಡಳಿತಕ್ಕೆ ಲಿಖಿತವಾಗಿ ತಪ್ಪೊಪ್ಪಿಕೊಂಡಳು. ಎಚ್ಚರಿಕೆಯ ಪತ್ರ ಬಂತು, ಕೆಲಸ ಉಳಿಯಿತು. ರಿಜಿಸ್ಟರಿನ ಸಾಲನ್ನು ಕೆಂಪು ಶಾಯಿಯಲ್ಲಿ ತಿದ್ದಿ ಸಹಿ ಹಾಕಿದಳು.

ಜುಲೈಯಲ್ಲಿ ಒಂದು ಮಧ್ಯಾಹ್ನ ಧಾರವಾಡದಿಂದ ಫೋನು ಬಂತು. ಮಗನನ್ನು ನಿನ್ನೆ ಮಣ್ಣು ಮಾಡಿದೆವು ಎಂದರು ತಾಯಿ. ಪರ ಊರಿನಲ್ಲಿ ನೀವೊಬ್ಬರು ನಮ್ಮವರಂತೆ ನಡೆದುಕೊಂಡಿರಿ, ಅದಕ್ಕೇ ತಿಳಿಸಬೇಕೆನಿಸಿತು ಎಂದರು. ರತ್ನ ಬಾಯಿ ತೆರೆದಳು. ಅವನಿಗೆ ಕೊಟ್ಟ ಮಾತಿತ್ತು. ಊಟ ಮಾಡಿದಿರಾ ಅಮ್ಮ ಎಂದಷ್ಟೇ ಕೇಳಿದಳು.